ಆಗಸ್ಟ್ 16: ಒಂದೇ ತಾರೀಖು, ಮೂರು ಸಾವು

ಪಂಚಾಂಗ ಯಾರ ಕೈಯಲ್ಲಿದೆಯೋ ಒಳ್ಳೆಯ ದಿನ, ಕೆಟ್ಟ ದಿನ ಹೇಳುವ ಅಧಿಕಾರವೂ ಅವರದೇ. ಇದು ನಮ್ಮ ಊರುಗಳಿಗೆ ಮಾತ್ರ ಸೇರಿದ ಮಾತಲ್ಲ. ಅಮೆರಿಕದ ಜನಪ್ರಿಯ ಸಂಗೀತಕ್ಕೂ ಒಂದು ಪಂಚಾಂಗವಿದೆ. 'ಸಂಗೀತದ ಇತಿಹಾಸದಲ್ಲಿ ಈ ದಿನ' ಅಂತ ರೇಡಿಯೋದವರು, ಪತ್ರಿಕೆಯವರು ದಿನಾ ಒಂದು ಪಟ್ಟಿ ಕೊಡುತ್ತಾರೆ. ಇಂಥವರು ಹುಟ್ಟಿದರು, ಇಂಥವರು ಸತ್ತರು, ಇಂಥ ರೆಕಾರ್ಡು ಬಂತು. ಅಲ್ಲಿಗೆ ಮುಗಿಯಿತು. ಯಾರು ದುಡಿದರು, ಯಾರು ಉಂಡರು ಅನ್ನುವುದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಆಗಸ್ಟ್ 16ನ್ನೇ ತೆಗೆದುಕೊಳ್ಳೋಣ. 1958ರಲ್ಲಿ ಈ ದಿನ ಮಡೋನಾ ಹುಟ್ಟಿದ್ದು. 1962ರಲ್ಲಿ ಈ ದಿನ ಬೀಟಲ್ಸ್ ತಂಡದವರು ತಮ್ಮ ಡ್ರಮ್ ವಾದಕ ಪೀಟ್ ಬೆಸ್ಟ್ ಅವರನ್ನು ಕೈಬಿಟ್ಟದ್ದು. ಇವೆಲ್ಲ ಇರಲಿ ಬಿಡಿ. ಇದೇ ತಾರೀಖಿನಲ್ಲಿ ಮೂರು ಸಾವುಗಳಿವೆ. 1938ರಲ್ಲಿ ರಾಬರ್ಟ್ ಜಾನ್ಸನ್. 1977ರಲ್ಲಿ ಎಲ್ವಿಸ್ ಪ್ರೀಸ್ಲಿ. 2018ರಲ್ಲಿ ಅರೀತಾ ಫ್ರಾಂಕ್ಲಿನ್. ಪಟ್ಟಿ ಮಾಡುವವರು ಇದನ್ನು ಕಾಕತಾಳೀಯ ಅನ್ನುತ್ತಾರೆ. ತಾರೀಖು ಒಂದೇ ಆದದ್ದು ಆಕಸ್ಮಿಕವೇ ಸರಿ. ಆದರೆ ಈ ಮೂರು ಸಾವುಗಳ ನಡುವೆ ದುಡ್ಡು ಮತ್ತು ಮರ್ಯಾದೆ ಯಾವ ದಿಕ್ಕಿಗೆ ಹರಿದವು ಅನ್ನುವುದು ಆಕಸ್ಮಿಕವಲ್ಲ. ಅದಕ್ಕೆ ಬಣ್ಣವಿದೆ, ವರ್ಗವಿದೆ.

ರಾಬರ್ಟ್ ಜಾನ್ಸನ್ ಸತ್ತಾಗ ಅವರಿಗೆ 27 ವರ್ಷ. ಸತ್ತದ್ದು ಮಿಸಿಸಿಪ್ಪಿಯ ಗ್ರೀನ್‌ವುಡ್ ಬಳಿ, ಹತ್ತಿ ಬೆಳೆಯುವ ಸೀಮೆಯಲ್ಲಿ. ಅಲ್ಲಿ ನೆಲ ಬಿಳಿಯರದು, ಬೆವರು ಕಪ್ಪು ಜನರದು. ಅವರ ಮರಣಪತ್ರ ಸಂಶೋಧಕರೊಬ್ಬರ ಕೈಗೆ ಸಿಕ್ಕಿದ್ದು 30 ವರ್ಷ ಕಳೆದ ಮೇಲೆ, 1968ರಲ್ಲಿ. ಸಾವಿನ ಕಾರಣ ಬರೆಯಬೇಕಾದ ಜಾಗದಲ್ಲಿ ಕಾರಣ ಇರಲಿಲ್ಲ. ವೈದ್ಯರು ಇರಲಿಲ್ಲ ಅಂತ ಬರೆದಿತ್ತು. ಹಿಂಬದಿಯಲ್ಲಿ ಜಮೀನಿನ ಬಿಳಿಯ ಒಡೆಯ ಹೇಳಿದ್ದೊಂದು ಊಹೆ: ಈತ ಗುಹ್ಯರೋಗದಿಂದ ಸತ್ತಿರಬಹುದು. ಕಪ್ಪು ಮನುಷ್ಯನ ಸಾವಿಗೆ ಒಡೆಯನ ಊಹೆಯೇ ದಾಖಲೆ. ಅವರನ್ನು ಎಲ್ಲಿ ಹೂಳಿದರು ಎಂಬ ಬಗ್ಗೆಯೂ ಒಮ್ಮತವಿಲ್ಲದೆ ಮೂರು ಕಡೆ ಕಲ್ಲು ನೆಟ್ಟರು.

ಹೀಗೆ ಸತ್ತವರು ಬಿಟ್ಟುಹೋದದ್ದು 29 ಹಾಡು. 1936ರ ನವೆಂಬರ್‌ನಲ್ಲಿ ಮೂರು ದಿನ, 1937ರ ಜೂನ್‌ನಲ್ಲಿ ಎರಡು ದಿನ, ಒಟ್ಟು ಐದು ದಿನಗಳ ಧ್ವನಿಮುದ್ರಣ. ಹೆಬ್ಬೆರಳಲ್ಲಿ ಮಂದ್ರದ ತಂತಿ ಮೀಟುತ್ತ, ಉಳಿದ ಬೆರಳಲ್ಲಿ ಮೇಲಿನ ತಂತಿ ಎಳೆಯುತ್ತ, ಅದರ ಮೇಲೆ ಹಾಡುತ್ತಿದ್ದರು. ಕೇಳಿದವರಿಗೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. 1938ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಪ್ಪು ಜನರ ಸಂಗೀತದ ಕಾರ್ಯಕ್ರಮ ಏರ್ಪಡಿಸಿದ ಜಾನ್ ಹ್ಯಾಮಂಡ್ ಇವರನ್ನು ಹುಡುಕಿಸಿದರು. ಅಷ್ಟರಲ್ಲಿ ಇವರು ಸತ್ತಿದ್ದರು. ಆ ದೊಡ್ಡ ವೇದಿಕೆಯ ಮೇಲೆ ಮನುಷ್ಯನ ಬದಲು ಅವರ ರೆಕಾರ್ಡು ತಿರುಗಿತು.

ಇಷ್ಟು ವಿದ್ಯೆ ಎಲ್ಲಿಂದ ಬಂತು? ಐಕ್ ಜಿಮ್ಮರ್ಮನ್ ಎಂಬ ಇನ್ನೊಬ್ಬ ಕಪ್ಪು ವಾದಕರ ಜೊತೆಗಿದ್ದು ಕಲಿತರು. ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಸಾಧನೆ ಮಾಡುತ್ತಿದ್ದರು ಅಂತ ಆ ಗುರುವಿನ ಮನೆಯವರೇ ಹೇಳಿದ್ದಾರೆ. ಆದರೆ ಜಗತ್ತಿಗೆ ಗೊತ್ತಿರುವ ಕಥೆ ಬೇರೆ. ನಾಲ್ಕು ದಾರಿ ಕೂಡುವ ಕಡೆ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿ ಜಾನ್ಸನ್ ಗಿಟಾರ್ ಕಲಿತರಂತೆ! ಈ ಕಥೆ ಕಪ್ಪು ಜನರ ಜಾನಪದದಲ್ಲೇ ಇತ್ತು. ಟಾಮಿ ಜಾನ್ಸನ್ ಎಂಬ ಬೇರೊಬ್ಬ ಹಾಡುಗಾರರ ಬಗ್ಗೆಯೂ ಹೇಳುತ್ತಿದ್ದರು. ನಮ್ಮ ತಕರಾರು ಜಾನಪದದ ಮೇಲಲ್ಲ. ಅದನ್ನೇ ಹಿಡಿದು ರೆಕಾರ್ಡು ಮಾರಿದವರ ಮೇಲೆ, ಅದನ್ನೇ ವಿಮರ್ಶೆ ಅಂದುಕೊಂಡವರ ಮೇಲೆ. ಬಿಳಿಯನಿಗೆ ವಿದ್ಯೆ ಬಂದರೆ ಪ್ರತಿಭೆ, ಕಪ್ಪು ಮನುಷ್ಯನಿಗೆ ಬಂದರೆ ಸೈತಾನನ ಕೃಪೆ. ಏಕಲವ್ಯನ ಹೆಬ್ಬೆರಳು ಕೇಳಿದವರು ಕಡೇಪಕ್ಷ ವಿದ್ಯೆ ಅವನ ಕೈಯಲ್ಲೇ ಇದೆ ಅಂತ ಒಪ್ಪಿದ್ದರು. ಇಲ್ಲಿ ಬೆರಳನ್ನು ಬಿಟ್ಟು ವಿದ್ಯೆಯನ್ನೇ ಕಿತ್ತುಕೊಂಡರು.

1990ರಲ್ಲಿ ಜಾನ್ಸನ್ನರ ಎಲ್ಲ ಹಾಡುಗಳ ಸಂಪುಟ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಅವರ ಮಗ ಆ ಹೊತ್ತಿಗೆ ಮಿಸಿಸಿಪ್ಪಿಯಲ್ಲಿ ಜಲ್ಲಿ ಲಾರಿ ಓಡಿಸಿ ಬದುಕಿದ್ದವರು. ತಾನೇ ವಾರಸುದಾರ ಅಂತ ರುಜುವಾತು ಮಾಡಲು ಅವರು ಕೋರ್ಟು ಹತ್ತಬೇಕಾಯಿತು. ಅಂತಿಮ ತೀರ್ಪು ಬಂದದ್ದು 2000ದಲ್ಲಿ, ಅಪ್ಪ ಸತ್ತು 62 ವರ್ಷಕ್ಕೆ.

ಇನ್ನು ಎರಡನೆಯ ಸಾವು. 1977ರಲ್ಲಿ ಮೆಂಫಿಸ್‌ನ ಗ್ರೇಸ್‌ಲ್ಯಾಂಡ್ ಬಂಗಲೆಯಲ್ಲಿ 42 ವರ್ಷದ ಎಲ್ವಿಸ್ ತೀರಿಕೊಂಡಾಗ ದೇಶದ ಅಧ್ಯಕ್ಷರೇ ಸಂತಾಪ ಸೂಚಿಸಿದರು. ಬೀದಿ ತುಂಬ ಜನ. ಎಲ್ವಿಸ್ ಅವರನ್ನು ಬೈದು ಮುಗಿಸುವುದು ಸುಲಭ. ಅದು ನಮ್ಮ ಉದ್ದೇಶವಲ್ಲ. ಅವರೂ ಮಿಸಿಸಿಪ್ಪಿಯ ಬಡ ಬಿಳಿಯರ ಮನೆಯಲ್ಲಿ, ಎರಡು ಕೋಣೆಯ ಗೂಡಿನಲ್ಲಿ ಹುಟ್ಟಿದವರು. ತಾನು ಹಾಡುವ ರೀತಿ ಕಪ್ಪು ಜನ ಬಹಳ ಹಿಂದಿನಿಂದ ಹಾಡಿಕೊಂಡು ಬಂದದ್ದು ಅಂತ 1956ರಲ್ಲಿ ಪತ್ರಿಕೆಯೊಂದಕ್ಕೆ ಬಾಯಿಬಿಟ್ಟು ಹೇಳಿದವರು. ಕೊನೆಕೊನೆಗೆ ಅವರ ಗಳಿಕೆಯಲ್ಲೂ ಅರ್ಧದಷ್ಟು ಮ್ಯಾನೇಜರ್ ಪಾಲಾಗುತ್ತಿತ್ತು.

ಆದರೆ ಲೆಕ್ಕ ಲೆಕ್ಕವೇ. 1954ರ ಜುಲೈಯಲ್ಲಿ ಬಂದ ಎಲ್ವಿಸ್ ಅವರ ಮೊದಲ ರೆಕಾರ್ಡು 'ದಟ್ಸ್ ಆಲ್ ರೈಟ್' ಆರ್ಥರ್ ಕ್ರೂಡಪ್ ಎಂಬ ಕಪ್ಪು ಹಾಡುಗಾರರು ಕಟ್ಟಿದ ಹಾಡು. 1946ರಲ್ಲೇ ಅವರು ಅದನ್ನು ಹಾಡಿ ಮುದ್ರಿಸಿದ್ದರು. ಎಲ್ವಿಸ್ ದೊರೆಯಾದರು; ಕ್ರೂಡಪ್ ವರ್ಜೀನಿಯಾದ ಹೊಲಗಳಲ್ಲಿ ಕೂಲಿ ಮಾಡಿದರು. 70ರ ದಶಕದ ಮೊದಲಲ್ಲಿ ಬಾಕಿ ರಾಯಲ್ಟಿಯ ಬಾಬ್ತು ಸುಮಾರು 60,000 ಡಾಲರ್ ಕೊಡುವ ಮಾತಾಯಿತು. ಕೊನೆ ಗಳಿಗೆಯಲ್ಲಿ ಪ್ರಕಾಶನದ ಯಜಮಾನರು ರುಜು ಹಾಕಲಿಲ್ಲ. 1974ರಲ್ಲಿ ಕ್ರೂಡಪ್ ಬಡವರಾಗಿಯೇ ಸತ್ತರು. ಎಲ್ವಿಸ್ ಕದ್ದರೋ ಇಲ್ಲವೋ ಅಂತ ವಿಮರ್ಶಕರು ವಾದ ಮಾಡುತ್ತಲೇ ಇದ್ದಾರೆ. ನಾವು ಕೇಳುವುದು ಇಷ್ಟೆ: ರುಜು ಹಾಕುವ ಪೆನ್ನು ಯಾರ ಕೈಯಲ್ಲಿತ್ತು?

ಮೂರನೆಯ ಸಾವು ಅರೀತಾ ಅವರದು, ಡೆಟ್ರಾಯಿಟ್‌ನಲ್ಲಿ, 76ನೇ ವಯಸ್ಸಿನಲ್ಲಿ. 'ರೆಸ್ಪೆಕ್ಟ್' ಅಂದರೆ ಮರ್ಯಾದೆ. ಆ ಹಾಡು ಬರೆದವರು ಓಟಿಸ್ ರೆಡ್ಡಿಂಗ್. 1965ರಲ್ಲಿ ಅವರು ಹಾಡಿದಾಗ ಅದು ದುಡಿದು ಮನೆಗೆ ಬಂದ ಗಂಡಸು ಹೆಂಗಸಿನಿಂದ ಮರ್ಯಾದೆ ಕೇಳುವ ಹಾಡು. 1967ರಲ್ಲಿ ಅರೀತಾ ಅದನ್ನು ತಿರುಗಿಸಿ ಹೆಣ್ಣಿನ ಬಾಯಿಗೆ ಕೊಟ್ಟರು. ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್ ಹಿಂದೆ ದನಿಗೂಡಿಸಿದರು. ಮೂಲದಲ್ಲಿ ಇಲ್ಲದ ಒಂದು ಭಾಗವೂ ಸೇರಿತು: ಆ ಪದದ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳುವುದು. ಹಳ್ಳಿ ಶಾಲೆಯಲ್ಲಿ ಪಾಠ ಮಾಡುವ ಗೆಳೆಯರಿಗೆ ಇದು ಬೇಗ ಹೊಳೆಯುತ್ತದೆ. ಪದ ಬಾರದವರಿಗೆ ಮೇಷ್ಟ್ರು ಅಕ್ಷರ ಬಿಡಿಸಿ ಹೇಳಿಕೊಡುತ್ತಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ತಲೆ ನರೆತ ಕಪ್ಪು ಗಂಡಸನ್ನೂ ಬಿಳಿಯರು 'ಹುಡುಗಾ' ಅಂತಲೇ ಕೂಗುತ್ತಿದ್ದರು, ನಮ್ಮಲ್ಲಿ ಕೇರಿಯ ಹಿರಿಯರನ್ನು ಏಕವಚನದಲ್ಲಿ ಕೂಗಿದ ಹಾಗೆ. ಅಂಥ ಸಮಾಜಕ್ಕೆ ಬಾರದ ಪದವನ್ನು ಕಪ್ಪು ಹೆಣ್ಣುಮಗಳೊಬ್ಬರು ಕಾಗುಣಿತದಿಂದ ಕಲಿಸಿದರು. ಈ ಬರಹದಲ್ಲಿ ಎಲ್ಲರನ್ನೂ ನಾವು ಬಹುವಚನದಲ್ಲೇ ಕರೆದಿರುವುದು ಅದಕ್ಕೇ.

ಇಲ್ಲಿಯೂ ಲೆಕ್ಕವುಂಟು. ಅಮೆರಿಕದ ಸಾಮಾನ್ಯ ರೇಡಿಯೋ ನಿಲಯಗಳು ಹಾಡು ಬರೆದವರಿಗೆ ರಾಯಲ್ಟಿ ಕೊಡಬೇಕು, ಹಾಡಿದವರಿಗೆ ಕೊಡಬೇಕಾಗಿಲ್ಲ. ಅರೀತಾ ಬದುಕಿದ್ದಷ್ಟು ಕಾಲವೂ ಕಾನೂನು ಹೀಗೇ ಇತ್ತು. ಹಾಡು ಬರೆದ ಕ್ರೂಡಪ್ ಅವರಿಗೆ ಕರಾರು ಮೋಸ ಮಾಡಿತು, ಹಾಡಿದ ಅರೀತಾ ಅವರಿಗೆ ಕಾನೂನೇ ಮೋಸ ಮಾಡಿತು. ಅರೀತಾ ಪಾಠ ಕಲಿತರು. ಕಾರ್ಯಕ್ರಮದ ಹಣ ನಗದಾಗಿ ಕೈಗೆ ಬರದೆ ಅವರು ಹಾಡುತ್ತಿರಲಿಲ್ಲ. ಆ ದುಡ್ಡಿನ ಕೈಚೀಲ ವೇದಿಕೆಯ ಮೇಲೆ ಅವರ ಕಣ್ಣಳತೆಯಲ್ಲೇ ಇರುತ್ತಿತ್ತು. ಇದನ್ನು ದೊಡ್ಡ ಗಾಯಕಿಯ ಹುಚ್ಚು ಅಂತ ನಕ್ಕವರಿದ್ದಾರೆ. ಹುಚ್ಚಲ್ಲ ಸ್ವಾಮಿ, ಅದು ಇತಿಹಾಸದ ಜ್ಞಾನ. 1970ರಲ್ಲಿ ಕಪ್ಪು ಹೋರಾಟಗಾರ್ತಿ ಏಂಜೆಲಾ ಡೇವಿಸ್ ಸೆರೆಯಾದಾಗ ಜಾಮೀನಿನ ಹಣ ತಾನು ಕಟ್ಟುತ್ತೇನೆ, ನನ್ನ ದುಡ್ಡು ಕಪ್ಪು ಜನರಿಂದಲೇ ಬಂದದ್ದು ಅಂತ ಮುಂದೆ ಬಂದವರೂ ಇದೇ ಅರೀತಾ.

ದೂರದ ದೇಶದ ಈ ಲೆಕ್ಕ ನಮಗ್ಯಾಕೆ ಅಂತ ಯಾರಾದರೂ ಕೇಳಬಹುದು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ತೆಗೆದುಕೊಂಡಿತು. ಹೆಸರು ತೆಗೆದುಕೊಂಡ ಮೇಲೆ ಅವರ ಅನುಭವವನ್ನೂ ತೆಗೆದುಕೊಳ್ಳಬೇಕು. ನಮ್ಮ ಕೇರಿಗಳ ಎಷ್ಟೋ ಹಾಡು ಕ್ಯಾಸೆಟ್ಟು ಸೇರಿದಾಗ ಮೇಲೆ 'ಸಾಹಿತ್ಯ: ಜಾನಪದ' ಅಂತ ಅಚ್ಚಾಯಿತು. ಜಾನಪದ ಅಂದರೆ ಯಾರದೂ ಅಲ್ಲ ಅಂತ ಅರ್ಥ ಮಾಡಿಕೊಂಡು ದುಡ್ಡು ಎಣಿಸಿದವರು ಮಾತ್ರ ಯಾರೋ ಒಬ್ಬರು ಇದ್ದೇ ಇದ್ದರು.

ಆದ್ದರಿಂದ ಪಟ್ಟಿ ನಾವೂ ಮಾಡೋಣ, ಆದರೆ ಬೇರೆ ಥರ. ಪ್ರತಿ ತಾರೀಖಿನ ಮುಂದೆ ಮೂರು ಮನೆ ಎಳೆಯೋಣ: ಕಟ್ಟಿದವರು ಯಾರು, ದುಡ್ಡು ತೆಗೆದುಕೊಂಡವರು ಯಾರು, ದಾಖಲೆ ಬರೆದವರು ಯಾರು. ಶಾಲೆಯಲ್ಲಿರುವ ಗೆಳೆಯರು ತಮ್ಮ ಊರಿನ ಒಂದು ಹಾಡಿನಿಂದಲೇ ಮಕ್ಕಳ ಕೈಯಲ್ಲಿ ಇದನ್ನು ಶುರು ಮಾಡಿಸಬಹುದು. ಹಾಡುವವರು ಬದುಕಿರುವಾಗಲೇ ಅವರ ಹೆಸರು, ಅವರ ಗುರುವಿನ ಹೆಸರು ಬರೆದಿಡಲಿ.