ಮೊದಲ ಪುಸ್ತಕಕ್ಕೊಂದು ತಾಮ್ರಫಲಕ



ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಕದ್ದುಮುಚ್ಚಿ ಕವಿತೆ ಬರೆಯುವ ಮಕ್ಕಳಿಗೆ ಕೊರತೆಯಿಲ್ಲ. ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಸಾಲುಗಳನ್ನು ಕಂಡ ಹೆತ್ತವರು ಕೇಳುವುದು ಒಂದೇ ಪ್ರಶ್ನೆ: "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಈ ಪ್ರಶ್ನೆಗೆ ದೇಶ ನೀಡಿರುವ ಉತ್ತರಗಳಲ್ಲೊಂದು ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ. ಆ ಉತ್ತರ ಎಷ್ಟು ಸಮರ್ಪಕವೆಂದು ತೂಗಿ ನೋಡೋಣ.

2011ರಲ್ಲಿ ಆರಂಭವಾದ ಈ ಪುರಸ್ಕಾರ 35 ವರ್ಷ ಮೀರದ ಲೇಖಕರಿಗೆ ಮೀಸಲು. 50,000 ರೂಪಾಯಿ ಮತ್ತು ಒಂದು ತಾಮ್ರಫಲಕ ಅದರ ಸ್ವರೂಪ. ಕನ್ನಡದಲ್ಲಿ ಮೊದಲ ಗೌರವ ವೀರಣ್ಣ ಮಡಿವಾಳರ ಅವರ 'ನೆಲದ ಕರುಣೆಯ ದನಿ' ಕವನಸಂಕಲನಕ್ಕೆ ಸಂದಿತು. 2017ರಲ್ಲಿ ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ', 2022ರಲ್ಲಿ ದಾದಾಪೀರ್ ಜೈಮನ್ ಅವರ 'ನೀಲಕುರಿಂಜಿ' ಈ ಮನ್ನಣೆ ಪಡೆದವು. ಪುರಸ್ಕೃತರಲ್ಲಿ ಶಾಲಾಶಿಕ್ಷಕರಿದ್ದಾರೆ, ಶುಶ್ರೂಷಕಿಯಿದ್ದಾರೆ. ದುಡಿಮೆಗೂ ಬರವಣಿಗೆಗೂ ವೈರವಿಲ್ಲವೆಂಬುದಕ್ಕೆ ಇವರ ಬದುಕೇ ಸಾಕ್ಷಿ. ಇದು ಪುರಸ್ಕಾರದ ದೊಡ್ಡ ಗುಣ.

ಕೊರತೆಯೂ ಇದೆ. ನಮ್ಮ ಪುರಸ್ಕಾರ ಒಂದು ಪುಸ್ತಕವನ್ನು ಗೌರವಿಸುತ್ತದೆ. ಬರಹಗಾರನ ಮುಂದಿನ ಹಾದಿಯ ಹೊಣೆಯನ್ನು ಅದು ಹೊರುವುದಿಲ್ಲ. ಐರ್ಲೆಂಡಿನಲ್ಲಿ 1976ರಿಂದ ಇರುವ ರೂನಿ ಬಹುಮಾನ 40 ವರ್ಷದೊಳಗಿನ ಲೇಖಕರ ಒಟ್ಟು ಭರವಸೆಯನ್ನೇ ಗಮನಿಸುತ್ತದೆ. 1991ರಲ್ಲಿ ಅದನ್ನು ಪಡೆದ ಆ್ಯನ್ ಎನ್‌ರೈಟ್ ಅವರಿಗೆ ಬೂಕರ್ ಬಂದದ್ದು 2007ರಲ್ಲಿ. ಬಿತ್ತಿದ ಮರುದಿನವೇ ಫಲ ಕೇಳಬಾರದೆಂಬ ಪಾಠ ಇದರಲ್ಲಿದೆ. ವಯಸ್ಸಿನ ಮಿತಿಯೂ ಯೋಚಿಸಬೇಕಾದ ಸಂಗತಿ. ಮನೆ, ಮಕ್ಕಳು, ಹೊಲಗದ್ದೆ ಎಂದು ದುಡಿದು ನಲವತ್ತರಲ್ಲಿ ಲೇಖನಿ ಹಿಡಿಯುವ ನಮ್ಮ ಹೆಣ್ಣುಮಗಳು ಉದಯೋನ್ಮುಖ ಲೇಖಕಿಯಲ್ಲವೇ?

ಇನ್ನೊಂದು ಮಾತನ್ನು ಗುರುವಾಗಿ ನಾನೇ ಹೇಳಬೇಕು. 2000ದಲ್ಲಿ ರೂನಿ ಬಹುಮಾನ ಪಡೆದ ಕ್ಲೇರ್ ಕೀಗನ್ 2021ರಲ್ಲಿ ಒಂದು ಕಿರುಕಾದಂಬರಿ ಪ್ರಕಟಿಸಿದರು. ಕನ್ಯಾಮಠವೊಂದರ ಕಲ್ಲಿದ್ದಲ ಕೊಠಡಿಯಲ್ಲಿ ಕೂಡಿಹಾಕಲ್ಪಟ್ಟ ಹುಡುಗಿಯನ್ನು ಕಂಡ ವ್ಯಾಪಾರಿಯ ಮನಸ್ಸಾಕ್ಷಿಯ ಕಥೆ ಅದು. ನಮ್ಮ ಧರ್ಮಸಭೆಯ ಗಾಯವನ್ನೇ ಮುಟ್ಟುವ ಕೃತಿ. ಓದಿದಾಗ ನೋವಾಗುತ್ತದೆ, ಆ ನೋವು ಆರೋಗ್ಯದ್ದು. ಅಜ್ಜಂಪುರವನ್ನು ಹೆಸರಿನಲ್ಲೇ ಹೊತ್ತ ಅಜ್ಜಂಪುರ ಸೀತಾರಾಮ್ 'ಆನಂದ' ಎಂಬ ಕಾವ್ಯನಾಮದಲ್ಲಿ 'ನಾನು ಕೊಂದ ಹುಡುಗಿ' ಬರೆದಾಗ ಮಾಡಿದ್ದೂ ಇದನ್ನೇ. ದೇವರ ಹೆಸರಿನಲ್ಲಿ ಬಸವಿಯಾಗಿ ಬಿಡಲ್ಪಟ್ಟ ಮುಗ್ಧೆಯ ಸಾವನ್ನು ಅವರು ನಮ್ಮೆದುರಿಗಿಟ್ಟರು; ತಿದ್ದಹೊರಟ ವಿದ್ಯಾವಂತನನ್ನೂ ಆ ಕಥೆ ನಿರ್ದೋಷಿಯಾಗಿ ಬಿಡಲಿಲ್ಲ.

ಯುವ ಲೇಖಕರಿಗೆ ಬಹುಮಾನ ಕೊಡುವ ಸಮಾಜ ಅವರ ಕಹಿಮಾತನ್ನು ಕೇಳಲೂ ಸಿದ್ಧವಾಗಿರಬೇಕು. ಇಲ್ಲವಾದರೆ ತಾಮ್ರಫಲಕ ಗೋಡೆಯ ಅಲಂಕಾರ ಮಾತ್ರ.

ಆದುದರಿಂದ ಓದುಗರೇ, ನಿಮ್ಮೂರಿನ ಗ್ರಂಥಾಲಯದಲ್ಲಿ ಈ ಪುಸ್ತಕಗಳನ್ನು ಕೇಳಿರಿ. ಇಲ್ಲದಿದ್ದರೆ ತರಿಸಲು ಒತ್ತಾಯಿಸಿರಿ. ಧರ್ಮಕೇಂದ್ರದ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಸ್ಟೀಲಿನ ಲೋಟಕ್ಕೆ ಬದಲಾಗಿ ಒಂದು ಕಥಾಸಂಕಲನ ಕೊಡಿರಿ. ಮಗಳು ಬರೆದ ಸಾಲುಗಳು ಕೈಗೆ ಸಿಕ್ಕಾಗ, ಹೊಟ್ಟೆಯ ಪ್ರಶ್ನೆ ಕೇಳುವ ಮೊದಲು, ಅವುಗಳನ್ನು ಒಮ್ಮೆ ಪೂರ್ತಿಯಾಗಿ ಓದಿರಿ.