ಕವಡೆಯ ಕ್ರಿಕೆಟ್ಟು

ಪುಸ್ತಕ ಕ್ರಿಕೆಟ್ಟನ್ನು ಯಾರು ಕಂಡುಹಿಡಿದರೋ ತಿಳಿಯದು. ಮೈದಾನಕ್ಕೆ ಕಳಿಸದ ನಮ್ಮಂಥ ಹೆಣ್ಣುಮಕ್ಕಳಿಗೆ ಅದೇ ಟೆಸ್ಟ್ ಪಂದ್ಯ. ಪುಸ್ತಕ ತೆರೆದರೆ ಎಡಗಡೆಯ ಪುಟದ ಕೊನೆಯ ಅಂಕಿಯೇ ರನ್ನು. ಸೊನ್ನೆ ಬಂದರೆ ಔಟು. ಎಂಟು ರನ್ನು ಕ್ರಿಕೆಟ್ಟಿನಲ್ಲಿಲ್ಲವಲ್ಲ, ಅದನ್ನು ಒಂದೆಂದು ಎಣಿಸುತ್ತಿದ್ದೆವು.

ಆಟ ಸೊಗಸೇ. ಆದರೆ ಅದಕ್ಕೆ ಆಟಗಾರರ ಗುರುತಿಲ್ಲ. ಲೆಕ್ಕ ಹಾಕಿದರೆ ಯಾರೇ ಆಡಲಿ ಸರಾಸರಿ 13 ರನ್ನು. ಗುಂಡಪ್ಪ ವಿಶ್ವನಾಥರಿಗೂ ಅಷ್ಟೇ, ನಮ್ಮ ಮೈಸೂರಿನವರೇ ಆದ ಬಿ.ಎಸ್. ಚಂದ್ರಶೇಖರರಿಗೂ ಅಷ್ಟೇ. ವಿಶ್ವನಾಥರ ಟೆಸ್ಟ್ ಸರಾಸರಿ 41.93. ಚಂದ್ರಶೇಖರರು 58 ಟೆಸ್ಟುಗಳಲ್ಲಿ ತೆಗೆದ ವಿಕೆಟ್ಟು 242, ಹೊಡೆದ ರನ್ನು 167! ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವ ಆಟವನ್ನು ಕ್ರಿಕೆಟ್ಟೆನ್ನಲು ನನಗೆ ಮನಸ್ಸಾಗದು.

ಅದಕ್ಕೇ ಚೌಕಾಬಾರದ ನಾಲ್ಕು ಕವಡೆ ಕೈಗೆತ್ತಿಕೊಂಡೆ. ಬಾಯಿ ಮೇಲಾದಷ್ಟು ರನ್ನು, ನಾಲ್ಕೂ ಬೋರಲಾಗಿ ಎಂಟು ಬಿದ್ದರೆ ಔಟು. ಕವಡೆಗಳು ಎರಡು ಬದಿಗೂ ಸಮನಾಗಿ ಬೀಳುತ್ತವೆಂದುಕೊಂಡರೆ ಹದಿನಾರರಲ್ಲಿ ಒಮ್ಮೆ ಎಂಟು, ಸರಾಸರಿ 32. ಬೌಲರು ಬ್ಯಾಟು ಹಿಡಿದಾಗ ಒಂದು ಬಿದ್ದರೂ ಔಟೆಂದರೆ ಸರಾಸರಿ 5.6ಕ್ಕೆ ಇಳಿಯುತ್ತದೆ. ನಿಜಕ್ಕೆ ಎಷ್ಟು ಹತ್ತಿರ, ನೋಡಿ! ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ; ಅದು ನಾಣ್ಯದಂತೆ ಸಮನಾಗಿ ಬೀಳುವುದಿಲ್ಲ. ಹಾಗಾಗಿ ಮನೆಮನೆಯ ಕವಡೆಗೂ ಅದರದೇ ಲೆಕ್ಕ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಚೌಕಾಬಾರದಲ್ಲಿ ಕವಡೆ ಬಿದ್ದ ಮೇಲೂ ಯಾವ ಕಾಯಿ ನಡೆಸಬೇಕೆಂಬುದು ನಮ್ಮ ಕೈಯಲ್ಲೇ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕಡಿಯಲು ಮುಂದೆ ಬಂದರೆ ತಾನೇ ಕಡಿಸಿಕೊಳ್ಳುವ ಭಯ, ಕಟ್ಟೆಯಲ್ಲೇ ಕೂತರೆ ಕಾಯಿ ಹಣ್ಣಾಗದು. ಇದನ್ನು ಬರೀ ಅದೃಷ್ಟದ ಆಟವೆಂದು ತಳ್ಳಿಹಾಕುವವರು ಅಡುಗೆಮನೆಯ ಕೆಲಸ ಮುಗಿಸಿ ಕೂತ ಹೆಂಗಸರೊಡನೆ ಒಮ್ಮೆ ಆಡಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿಯನ್ನು ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ಆದ್ದರಿಂದ ಇನ್ನೊಂದು ನಿಯಮ ಸೇರಿಸಿದೆ. ಎಸೆಯುವ ಮೊದಲೇ ಬ್ಯಾಟುಗಾರ್ತಿ ‘ತಡೆ’ ಅಥವಾ ‘ಹೊಡೆತ’ ಎನ್ನಬೇಕು. ತಡೆ ಎಂದರೆ ರನ್ನಿಲ್ಲ, ಆದರೆ ಔಟಾಗುವ ಅಂಕಿ ಬಿದ್ದಾಗ ಇನ್ನೊಮ್ಮೆ ಎಸೆಯಬಹುದು. ಮತ್ತೆ ಅಂಥದೇ ಬಿದ್ದರೆ ಔಟು. ನನ್ನ ತಂಗಿ ಇದನ್ನು ಕೇಳಿದ್ದೇ ತಡ, “ಹಾಗಾದರೆ ನಾನು ದಿನವಿಡೀ ತಡೆಯುತ್ತಲೇ ಇರುತ್ತೇನೆ, ಏನು ಮಾಡ್ತೀಯೇ ಅಕ್ಕ?” ಎಂದಳು. ಟೆಸ್ಟ್ ಪಂದ್ಯದಲ್ಲೂ ಅದೇ ತಾನೇ ನಡೆಯುವುದು! ಎಸೆತಗಳಿಗೊಂದು ಮಿತಿ ಇಡಬೇಕು. ಅರವತ್ತು ಸಾಕೇ, ತೊಂಬತ್ತು ಬೇಕೇ ಎಂದು ನಾವಿನ್ನೂ ಜಗಳವಾಡುತ್ತಿದ್ದೇವೆ.