ಮುಖವಿಲ್ಲದ ಚಿತ್ರ, ಮುಖವಿಲ್ಲದ ಮಾರಮ್ಮ

ಪಾವಗಡದ ಕಡೆಯ ನಮ್ಮ ಹುಡುಗನೊಬ್ಬ ಬರೆದ ಚಿತ್ರವನ್ನು ಶಿರಾದ ಒಂದು ಶಿಬಿರದಲ್ಲಿ ಗೋಡೆಗೆ ಒರಗಿಸಿಟ್ಟಿದ್ದೆವು. ಪೂರಾ ಕಪ್ಪು, ಅದರ ಮೇಲೆ ಕೆಮ್ಮಣ್ಣಿನ ಎರಡು ಪಟ್ಟೆ. "ಇದ್ರಲ್ಲಿ ನಮ್ಮ ಜನ ಎಲ್ಲವ್ರಪ್ಪಾ? ಬಾಬಾಸಾಹೇಬರನ್ನಾದ್ರೂ ಬರೀಬಾರ್ದಿತ್ತಾ?" ಎಂದು ಕೇಳಿದವನು ನಾನೇ. ಹುಡುಗ ಮಾತಾಡಲಿಲ್ಲ. ಸಂಜೆ ಚಿತ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಆ ಪ್ರಶ್ನೆಗೆ ಈಗ ನಾಚಿಕೆಪಡುತ್ತೇನೆ. ಯಾಕೆಂದು ಹೇಳಬೇಕಾದರೆ ಅಮೆರಿಕದ ಕಡೆ ಒಂದು ಸುತ್ತು ಹೋಗಿಬರಬೇಕು.

ಅಮೂರ್ತ ಕಲೆ ಅಲ್ಲಿ ತಂತಾನೇ ಬೇರುಬಿಟ್ಟಿದ್ದಲ್ಲ. ಅಲ್ಲಿನ ವಿದೇಶಾಂಗ ಇಲಾಖೆ ಹೊರದೇಶಗಳಿಗೆ ಕಳಿಸಿದ್ದ ಆಧುನಿಕ ಚಿತ್ರಗಳನ್ನು 1947ರಲ್ಲಿ ಬೈಗುಳಕ್ಕೆ ಹೆದರಿ ವಾಪಸು ಕರೆಸಿಕೊಂಡಿತು. 1949ರಲ್ಲಿ ಜಾರ್ಜ್ ಡೊಂಡೆರೊ ಎಂಬ ಸಂಸದ ಆಧುನಿಕ ಕಲೆಯೆಂದರೆ ಕಮ್ಯುನಿಸ್ಟರ ಪಿತೂರಿ ಎಂದು ಕೂಗಾಡಿದ. ಹತ್ತೇ ವರ್ಷ. 1958-59ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪೊಲಾಕ್, ರಾಥ್ಕೊ, ನ್ಯೂಮನ್ ಮುಂತಾದವರ ಅಮೂರ್ತ ಚಿತ್ರಗಳನ್ನು ಯುರೋಪಿನ ಎಂಟು ದೇಶಗಳಲ್ಲಿ ಮೆರೆಸಿತು. ರಷ್ಯಾದ ಎದುರು 'ಸ್ವಾತಂತ್ರ್ಯ'ದ ಗುರುತಾಗಿ ಅವು ಬೇಕಾಗಿದ್ದವು. ರಾಕ್‌ಫೆಲರ್ ಮನೆತನದ ದುಡ್ಡಿತ್ತು, ಗ್ರೀನ್‌ಬರ್ಗ್‌ನಂಥ ವಿಮರ್ಶಕರ ಲೇಖನಿಯಿತ್ತು. ಸಿಐಎ ಕೈವಾಡ ಎಷ್ಟೆಂಬ ವಾದ ಇನ್ನೂ ಮುಗಿದಿಲ್ಲ. 1967ರಲ್ಲಿ ಅದೇ ಸಂಗ್ರಹಾಲಯದ ಚಿತ್ರಗಳು ದೆಹಲಿಗೂ ಬಂದವು, ಜೊತೆಗೆ ಗ್ರೀನ್‌ಬರ್ಗ್ ಕೂಡ.

ಇಷ್ಟು ತಿಳಿದ ಮೇಲೆ 'ಇದು ಯಜಮಾನರ ಕಲೆ' ಎಂದು ಬಿಸಾಡುವುದು ಸುಲಭ. ನಾನೂ ಬಿಸಾಡಿದ್ದೆ. ತಡೆದು ನಿಲ್ಲಿಸಿದವನು ನಾರ್ಮನ್ ಲೂಯಿಸ್. ಹಾರ್ಲೆಮ್‌ನ ಈ ಕರಿಯ ಕಲಾವಿದ 1930ರ ದಶಕದಲ್ಲಿ ತನ್ನ ಜನರ ಬಡತನವನ್ನು ಬರೆದ. 1940ರ ದಶಕದ ನಡುವೆ ಅಮೂರ್ತಕ್ಕೆ ಹೊರಳಿದ. 1950ರಲ್ಲಿ ಆ ಪಂಥದವರು ಬಾಗಿಲು ಹಾಕಿಕೊಂಡು ಚರ್ಚೆಗೆ ಕೂತಾಗ ಇವನೂ ಅಲ್ಲಿದ್ದ. ಮರುವರ್ಷ ಜನವರಿಯಲ್ಲಿ 'ಲೈಫ್' ಪತ್ರಿಕೆ ಪಂಥದ ಹದಿನೈದು ಮಂದಿಯ ಫೋಟೊ ಅಚ್ಚುಹಾಕಿತು. ಅದರಲ್ಲಿ ಲೂಯಿಸ್ ಇಲ್ಲ, ಒಬ್ಬ ಕರಿಯನೂ ಇಲ್ಲ. ಕರಿಯನಾದವನು ಕರಿಯರ ಗೋಳನ್ನೇ ಬರೆಯಬೇಕು, ಬಣ್ಣ-ಗೆರೆಗಳ ಧ್ಯಾನ ಬಿಳಿಯರಿಗೆ ಬಿಟ್ಟದ್ದು. 1960ರ ಅವನ 'ಅಮೆರಿಕನ್ ಟೋಟೆಮ್' ನೋಡಿ: ಕಪ್ಪಿನಲ್ಲಿ ಎದ್ದು ನಿಂತ ಬಿಳಿ ಆಕಾರ, ಕ್ಲಾನ್ ಗೂಂಡಾಗಳ ಮುಸುಕಿನ ಹಾಗೆ. ಅಲ್ಲಿ 'ನಮ್ಮ ಜನ' ಎಲ್ಲಿ ಎಂದು ಕೇಳುವುದುಂಟೆ? 1979ರಲ್ಲಿ ತೀರಿಕೊಂಡವನ ಬದುಕಿನ ಸಮಗ್ರ ಪ್ರದರ್ಶನ ಫಿಲಡೆಲ್ಫಿಯಾದಲ್ಲಿ ಆದದ್ದು 2015ರಲ್ಲಿ.

ಇನ್ನೊಂದು ಮಾತು. 1941ರಲ್ಲಿ ಅದೇ ಸಂಗ್ರಹಾಲಯದಲ್ಲಿ ನವಾಹೊ ಬುಡಕಟ್ಟಿನವರು ನೆಲದ ಮೇಲೆ ಮರಳಿನ ಚಿತ್ರ ಬರೆದು ತೋರಿಸಿದ್ದರು. ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಬಣ್ಣ ಸುರಿದ ಪೊಲಾಕ್ ತನ್ನ ರೀತಿ ಅವರದಕ್ಕೆ ಹತ್ತಿರ ಎಂದು ಒಪ್ಪಿಕೊಂಡ. ಅವನು ಹೆಸರಾದ, ಅವರು 'ಜಾನಪದ'ವಾದರು.

ಮಧುಗಿರಿ ಸೀಮೆಯ ನಮ್ಮ ಹಟ್ಟಿ ಮಾರಮ್ಮನಿಗೆ ಮುಖ ಎಲ್ಲೈತೆ? ಒಂದು ಗುಂಡುಕಲ್ಲು, ಅರಿಶಿನ, ಕುಂಕುಮ. ಕೊರಟಗೆರೆ ಕಡೆಯ ಜಾತ್ರೆಯಲ್ಲಿ ತಮಟೆಯ ಏಟಿಗೆ ಅರ್ಥವೇನೆಂದು ಯಾರೂ ಕೇಳುವುದಿಲ್ಲ, ಕಾಲು ತಾನೇ ಏಳುತ್ತದೆ. (ಅದನ್ನು ಬಿಟ್ಟಿಯಾಗಿ ಬಡಿಸಿಕೊಂಡದ್ದನ್ನು ಮರೆತು ಹೊಗಳುವವರ ಬಗ್ಗೆ ಎಚ್ಚರವಿರಲಿ.) ಅಮೂರ್ತ ನಮಗೆ ಹೊಸದೇನಲ್ಲ. ಆದರೂ ನವ್ಯರು ಆಕೃತಿ ಎಂದಾಗ ನಾವು ಅನುಭವ ಎಂದೆವು. ಆವತ್ತಿಗೆ ಅದು ಸರಿಯೇ ಇತ್ತು. ಬರಬರುತ್ತಾ ಆಕೃತಿಯನ್ನು ಪೂರಾ ಅವರ ಹೆಸರಿಗೆ ಖಾತೆ ಮಾಡಿಕೊಟ್ಟು, ಗಾಯ ತೋರಿಸುವ ಕೆಲಸವನ್ನಷ್ಟೇ ನಾವು ಉಳಿಸಿಕೊಂಡೆವು. ಗಾಯ ತೋರಿಸದ ನಮ್ಮ ಹುಡುಗನನ್ನು ಶಿರಾದಲ್ಲಿ ನಾವೇ ಫೋಟೊದಿಂದ ಆಚೆ ನಿಲ್ಲಿಸಿದೆವು.

ಮೊನ್ನೆ ಅವನ ಮನೆಗೆ ಹೋಗಿದ್ದೆ. ಚಿತ್ರ ಅಟ್ಟದ ಮೇಲಿತ್ತು, ಇಳಿಸಿದ. ಈ ಕೆಮ್ಮಣ್ಣು ಎಲ್ಲಿಂದ ತಂದೆ ಎಂದು ಕೇಳಿದೆ.

"ನಮ್ಮವ್ವ ಗೋಡೆಗೆ ಬಳಿದು ಮಿಕ್ಕಿದ್ದು ಕಣಣ್ಣ" ಎಂದ.